ಓದುಗರ ಪ್ರಶ್ನೆ: ಜೂನ್‌ನಲ್ಲಿ ಎರಡು ಭಾಷೆಯ ಶಾಲೆ, ಈಗ ಮನೆಯಲ್ಲಿ ಏನು ಮಾಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2019-20ರಲ್ಲಿ ಮೊದಲು 1,000 ಕಡೆ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾಯಿತು. ಆಮೇಲೆ ದ್ವಿಭಾಷಾ ವಿಭಾಗ ಅನ್ನುವ ಹೆಸರಲ್ಲಿ ಅದು ಇನ್ನೂ ಎಷ್ಟೋ ಊರುಗಳಿಗೆ ಬಂದಿದೆ, ಬರುತ್ತಲೂ ಇದೆ. ಸೀಟು ಸಿಕ್ಕಿದ ಖುಷಿಯ ಹಿಂದೆಯೇ ಅಪ್ಪ ಅಮ್ಮಂದಿರಿಗೆ ಗಾಬರಿ ಶುರು. ನಾನು ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆಯಲ್ಲೇ ಕೆಲಸ ಮಾಡಿ ನಿವೃತ್ತಳಾದವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮ್ಮದು ತಿಪಟೂರು ತಾಲ್ಲೂಕು. ಮಗಳನ್ನು ಊರಿನ ಸರ್ಕಾರಿ ಶಾಲೆಯ ದ್ವಿಭಾಷಾ ವಿಭಾಗಕ್ಕೆ ಒಂದನೇ ತರಗತಿಗೆ ಸೇರಿಸ್ತಾ ಇದ್ದೀವಿ. ಪಕ್ಕದ ಮನೆಯವರು 'ಈಗಿನಿಂದಲೇ ಮನೇಲಿ ಇಂಗ್ಲಿಷ್‌ನಲ್ಲೇ ಮಾತಾಡಿಸಿ, ಇಲ್ಲಾಂದ್ರೆ ಹಿಂದೆ ಬೀಳ್ತಾಳೆ' ಅಂತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕನ್ನಡ ಮಾಧ್ಯಮ. ಅವಳಿಗೆ ಎಬಿಸಿಡಿ ಬರುತ್ತೆ, ನೂರರವರೆಗೆ ಎಣಿಸ್ತಾಳೆ. ಇಂಗ್ಲಿಷ್‌ನಲ್ಲಿ ಏನಾದ್ರೂ ಕೇಳಿದ್ರೆ ಸುಮ್ನೆ ಮುಖ ನೋಡ್ತಾಳೆ. ಏನು ಮಾಡ್ಲಿ?

ಉತ್ತರ: ಮೊದಲು ಪಕ್ಕದ ಮನೆಯವರ ಮಾತನ್ನು ಅಲ್ಲೇ ಬಿಡಿ, ತಾಯಿ. ನಿಮಗೆ ಸಲೀಸಾಗಿ ಬಾರದ ಭಾಷೆಯಲ್ಲಿ ಮಗಳ ಹತ್ತಿರ ಮಾತಾಡಲು ಹೋದರೆ ಏನಾಗುತ್ತೆ ಗೊತ್ತಾ? ಮಾತೇ ಕಡಿಮೆಯಾಗುತ್ತದೆ. 'ಕಮ್', 'ಈಟ್', 'ಡೋಂಟ್ ಡೂ' ಇಷ್ಟಕ್ಕೆ ನಿಲ್ಲುತ್ತದೆ. ಅದೇ ಕನ್ನಡದಲ್ಲಾದರೆ ನೀವು ತೆಂಗಿನಕಾಯಿ ಸುಲಿಯುವಾಗ, ರಾಗಿ ಮುದ್ದೆ ಕಟ್ಟುವಾಗ, ಸಂತೆಗೆ ಹೋಗುವಾಗ, ಯಾರ ಮೇಲೋ ಸಿಟ್ಟು ಬಂದಾಗ ಎಷ್ಟೊಂದು ಮಾತಾಡುತ್ತೀರಿ. ಯಾಕೆ, ಹೇಗೆ, ಆಮೇಲೆ ಏನಾಯ್ತು, ಹಾಗಾದ್ರೆ ಹೀಗಾಗ್ತಿತ್ತು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಮಗು ಕಲಿಯುವುದು ಇದನ್ನೇ. ಒಂದು ಭಾಷೆಯಲ್ಲಿ ಕಾರಣ ಹೇಳಲು, ಹೋಲಿಸಲು, ಹಿಂದಿನದನ್ನು ನೆನಪಿಟ್ಟು ಸಾಲಾಗಿ ಹೇಳಲು ಬಂದರೆ ಎರಡನೇ ಭಾಷೆಯಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ, ಅದಕ್ಕೆ ಬೇಕಾದ ಪದಗಳನ್ನು ಕಲಿತರೆ ಸಾಕು.

ನಾನು ನೋಡಿದ ಹಾಗೆ ಒಂದನೇ ತರಗತಿಯಲ್ಲಿ ಇಂಗ್ಲಿಷನ್ನು ಬೇಗ ಹಿಡಿದವರು ಮನೆಯಲ್ಲಿ ಎಬಿಸಿಡಿ ತಿದ್ದಿ ಬಂದವರಲ್ಲ, ಬಾಯಿತುಂಬ ಮಾತಾಡುವ ಮನೆಯಿಂದ ಬಂದವರು. 'ಮಿಸ್, ನಿನ್ನೆ ನಮ್ಮ ಎಮ್ಮೆ ಕರು ಹಾಕ್ತು' ಅಂತ ಶುರು ಮಾಡಿ ಕೊನೆಯವರೆಗೂ ಹೇಳಬಲ್ಲ ಮಗು ಇಂಗ್ಲಿಷ್ ಕಥೆಯನ್ನೂ ಕೊನೆಯವರೆಗೆ ಕೇಳುತ್ತದೆ. ಅರ್ಧ ಅರ್ಥವಾಗದಿದ್ದರೂ ಮುಂದೇನು ಬರಬಹುದು ಅಂತ ಊಹಿಸುತ್ತದೆ.

ದ್ವಿಭಾಷಾ ವಿಭಾಗ ಅಂದರೆ ಕನ್ನಡ ಇಲ್ಲ ಅಂತ ಅಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಕನ್ನಡ ಒಂದು ಭಾಷೆಯಾಗಿ ಇದ್ದೇ ಇರುತ್ತದೆ. ಗಣಿತ ಮತ್ತು ಪರಿಸರ ಅಧ್ಯಯನದ ಪುಸ್ತಕದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಟೀಚರ್ ಕೂಡ ಹೆಚ್ಚಾಗಿ ಕನ್ನಡ ಮಾಧ್ಯಮದಲ್ಲೇ ಓದಿ, ತರಬೇತಿ ತಗೊಂಡು ಇಂಗ್ಲಿಷ್‌ನಲ್ಲಿ ಪಾಠ ಮಾಡುವವರು. ಮಗು ಕನ್ನಡದಲ್ಲಿ ಕೇಳಿದರೆ ಯಾರೂ ಹೊರಗೆ ಕಳಿಸುವುದಿಲ್ಲ. (ಆ ತರಬೇತಿ ಇನ್ನಷ್ಟು ದಿನ, ಇನ್ನಷ್ಟು ಚೆನ್ನಾಗಿ ಆಗಬೇಕು ಅನ್ನುವುದು ಬೇರೆ ಮಾತು. ಇಲಾಖೆಯವರು ಇದನ್ನು ಓದುತ್ತಿದ್ದರೆ ಒಳ್ಳೆಯದು.)

ಇನ್ನೊಂದು, ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಸಾಮಾನ್ಯವಾಗಿ ಇರುವುದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ 2009-10ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂದ ಪದ್ಧತಿ ಅದು. ಮಕ್ಕಳು ಸಾಲಾಗಿ ಕೂತು ಬೋರ್ಡ್ ನೋಡುವುದಿಲ್ಲ. 'ತಟ್ಟೆ' ಅಂತ ಕರೆಯುವ ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ, ಕಾರ್ಡ್ ಹುಡುಕಿ ತರುತ್ತಾರೆ, ಗೋಡೆಯ ಕೆಳಭಾಗದ ಕಪ್ಪು ಪಟ್ಟಿಯ ಮೇಲೆ ಬರೆಯುತ್ತಾರೆ, ದೊಡ್ಡ ಮಕ್ಕಳಿಂದ ಕೇಳಿ ಕಲಿಯುತ್ತಾರೆ. ಅಲ್ಲಿ ನೂರರವರೆಗೆ ಎಣಿಸಿದ್ದಕ್ಕಿಂತ ತನ್ನ ಸರದಿ ಬರುವವರೆಗೆ ಕಾಯುವುದು, ತಗೊಂಡ ಕಾರ್ಡನ್ನು ಅದೇ ಜಾಗದಲ್ಲಿಡುವುದು, 'ನಂಗೆ ಗೊತ್ತಾಗ್ಲಿಲ್ಲ' ಅಂತ ಬಾಯಿಬಿಟ್ಟು ಹೇಳುವುದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಾಗಂತ ಇಂಗ್ಲಿಷ್ ಬೇಡವೇ ಬೇಡ ಅಂತಲ್ಲ. ಶಾಲೆಯಲ್ಲಿ ದಿನಾ ಕಿವಿಗೆ ಬೀಳುವ ಮಾತುಗಳು ಮೊದಲೇ ಪರಿಚಯವಿದ್ದರೆ ಮಗುವಿಗೆ ಅರ್ಧ ಹೆದರಿಕೆ ಹೋಗುತ್ತದೆ. 'ಸಿಟ್ ಡೌನ್', 'ಕಮ್ ಹಿಯರ್', 'ಓಪನ್ ಯುವರ್ ಬುಕ್', 'ಗಿವ್ ಮಿ', 'ವಾಶ್ ಯುವರ್ ಹ್ಯಾಂಡ್ಸ್', 'ಮೇ ಐ ಗೋ ಟು ಟಾಯ್ಲೆಟ್', ಹೀಗೆ ಇಪ್ಪತ್ತು ಮಾತು ಸಾಕು. ಇದನ್ನು ಕೂರಿಸಿ ಬಾಯಿಪಾಠ ಮಾಡಿಸಬೇಡಿ. ಟೀಚರ್ ಆಟ ಆಡಿ. ಒಂದು ದಿನ ಅವಳೇ ಟೀಚರ್, ನೀವು ಮತ್ತು ಅಪ್ಪ ಮಕ್ಕಳು. ಅವಳು 'ಸ್ಟ್ಯಾಂಡ್ ಅಪ್' ಅಂದರೆ ನೀವು ಏಳಬೇಕು. ಬೇಕೆಂದೇ ಕೂತುಬಿಡಿ, ಅವಳು ಬೈಯ್ಯಲಿ. ಮಕ್ಕಳಿಗೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ.

ಎಣಿಕೆಗೆ ಅಳಗುಳಿ ಮಣೆ ಇದ್ದರೆ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯಿರಿ. ನೂರರವರೆಗೆ ಎಣಿಸುವ ಮಗುವಿಗೆ ಏಳು ಹುಣಸೆಬೀಜ ಕೊಟ್ಟು 'ಇನ್ನು ಎಷ್ಟು ಹಾಕಿದ್ರೆ ಹತ್ತಾಗುತ್ತೆ' ಅಂತ ಕೇಳಿ ನೋಡಿ, ತುಂಬಾ ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಅದು ಕನ್ನಡದಲ್ಲಿ ತಲೆಗೆ ಹೋದರೆ ಇಂಗ್ಲಿಷ್ ಸಂಖ್ಯೆಯ ಹೆಸರು ಆಮೇಲೆ ತಾನಾಗಿ ಅಂಟುತ್ತದೆ.

ರಾತ್ರಿ ಕಥೆ ಹೇಳುವಾಗ ನಡುವೆ ನಿಲ್ಲಿಸಿ, ಮುಂದೇನಾಗಬಹುದು ಅಂತ ಅವಳನ್ನೇ ಕೇಳಿ. ಒಗಟು ಹಾಕಿ. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂದರೆ ಮಲ್ಲಿಗೆ ಅಂತ ಹೇಳುವಷ್ಟರಲ್ಲಿ ಮಗು ಬಣ್ಣ, ಆಕಾರ, ಹೋಲಿಕೆ ಎಲ್ಲ ಯೋಚನೆ ಮಾಡಿರುತ್ತದೆ. ಪುಸ್ತಕ ಬೇಕಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಮಕ್ಕಳ ಪುಸ್ತಕಗಳಿವೆ. ಮೊಬೈಲಿನಲ್ಲಿ ಓದಿಸುವುದಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ, ಪುಕ್ಕಟೆ. ಅಲ್ಲಿ ಎಷ್ಟೋ ಕಥೆಗಳು ಅದೇ ಚಿತ್ರಗಳ ಜೊತೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಸಿಗುತ್ತವೆ. ಮೊದಲು ಕನ್ನಡದ್ದು ನಾಲ್ಕೈದು ಸಲ ಓದಿ, ಕಥೆ ಅವಳಿಗೆ ಬಾಯಿಗೆ ಬರಲಿ. ಆಮೇಲೆ ಒಂದು ದಿನ ಅದೇ ಕಥೆಯ ಇಂಗ್ಲಿಷ್ ತೆಗೆಯಿರಿ. ನಿಮ್ಮ ಉಚ್ಚಾರಣೆ ಹೇಗಿದ್ದರೂ ಪರವಾಗಿಲ್ಲ, ನಾಚಿಕೆ ಬೇಡ. ಅಮ್ಮನೂ ತನ್ನ ಜೊತೆ ಕಲೀತಾಳೆ ಅಂತ ಮಗುವಿಗೆ ಗೊತ್ತಾಗುವುದು ಒಳ್ಳೆಯದೇ.

ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ರೈಮ್ಸ್ ಹಾಕಿ ಕೂರಿಸಿದರೆ ಕಲೀತಾಳಾ ಅಂತ ಇನ್ನೂ ಕೆಲವರು ಕೇಳಿದ್ದಾರೆ. ಹಾಡು ಬಾಯಿಗೆ ಬರುತ್ತದೆ, ಮಾತು ಬರುವುದಿಲ್ಲ. ಮೊಬೈಲು ಮಗುವಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ 2ರಿಂದ 4 ವರ್ಷದ ಮಕ್ಕಳು ಕೂತು ಸ್ಕ್ರೀನ್ ನೋಡುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ಹೇಳಿದೆ. ನಿಮ್ಮ ಮಗಳು ಅದಕ್ಕಿಂತ ಸ್ವಲ್ಪ ದೊಡ್ಡವಳು, ಆದರೂ ಅಷ್ಟೇ ಇಟ್ಟುಕೊಳ್ಳಿ.

ಮತ್ತೆ ಊಟದ ಡಬ್ಬಿ, ನೀರಿನ ಬಾಟಲಿ ತೆಗೆಯಲು, ಚಡ್ಡಿ ಬಿಚ್ಚಿ ಹಾಕಿಕೊಳ್ಳಲು, ಚಪ್ಪಲಿ ಬಲ ಎಡ ನೋಡಿ ಹಾಕಿಕೊಳ್ಳಲು ಬರುತ್ತಾ ನೋಡಿ. ಭಾಷೆಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಟಾಯ್ಲೆಟ್ ಚಿಂತೆಯಲ್ಲಿರುವ ಮಗುವಿನ ಕಿವಿಗೆ ಯಾವ ಭಾಷೆಯೂ ಹೋಗುವುದಿಲ್ಲ.

ಪ್ರಶ್ನೆ: ಪುತ್ತೂರು ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ತುಳು ಮಾತ್ರ. ಮಗನನ್ನು ಮುಂದಿನ ವರ್ಷ ಕನ್ನಡ-ಇಂಗ್ಲಿಷ್ ಎರಡೂ ಇರುವ ಶಾಲೆಗೆ ಹಾಕಬೇಕು ಅಂತ ಇದ್ದೇವೆ. ಅಂಗನವಾಡಿಯಲ್ಲಿ ಅವನು ಬಾಯಿಯೇ ಬಿಡುವುದಿಲ್ಲ, ಮನೆಗೆ ಬಂದರೆ ಪಟಪಟ ಮಾತು. ಅವನ ಅಜ್ಜಿಗೆ ತುಳು ನಿಲ್ಲಿಸಿ ಕನ್ನಡ ಮಾತಾಡಿ ಅಂತ ಹೇಳಬೇಕಾ? ಅವರಿಗೆ ಕನ್ನಡ ಅಷ್ಟು ಬರುವುದಿಲ್ಲ.

ಉತ್ತರ: ದಯವಿಟ್ಟು ಅಜ್ಜಿಯ ಬಾಯಿ ಕಟ್ಟಬೇಡಿ. ಅವರು ತುಳುವಿನಲ್ಲೇ ಮಾತಾಡಲಿ, ಪಾಡ್ದನ ಬರುತ್ತಿದ್ದರೆ ಹಾಡಲಿ, ಬೈಯ್ಯಬೇಕಾದರೂ ತುಳುವಿನಲ್ಲೇ ಬೈಯ್ಯಲಿ.

ನಿಮ್ಮ ಜಿಲ್ಲೆಯ ಕಥೆಯನ್ನೇ ನೋಡಿ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಪುಸ್ತಕದ ಕನ್ನಡ, ಆಟ ನೋಡಲು ಹೋದರೆ ಯಕ್ಷಗಾನದ ಕನ್ನಡ. ಎಷ್ಟೋ ತಲೆಮಾರಿನ ಮಕ್ಕಳು ಹೀಗೇ ಬೆಳೆದಿದ್ದಾರೆ. ಎರಡು ಭಾಷೆಯ ಶಾಲೆ ಅಂದರೆ ಬೆಂಗಳೂರಿನವರಿಗೆ ಹೊಸದಾಗಿರಬಹುದು, ನಿಮ್ಮ ಕಡೆ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ ದಿನವೇ ಎರಡನೇ ಭಾಷೆಗೆ ಕಾಲಿಟ್ಟಿರುತ್ತಾರೆ, ಅಲ್ವಾ? ತುಳು, ಕನ್ನಡ ಎರಡೂ ದ್ರಾವಿಡ ಭಾಷೆಗಳೇ ಆದ್ದರಿಂದ ವಾಕ್ಯ ಕಟ್ಟುವ ರೀತಿ ತುಂಬಾ ಹತ್ತಿರ. ಅವನಿಗೆ ಕನ್ನಡ ಬರಲು ನೀವು ಅಂದುಕೊಂಡಷ್ಟು ಹೊತ್ತು ಬೇಡ.

ಇನ್ನು ಸುಮ್ಮನಿರುವ ವಿಷಯ. ಹೊಸ ಭಾಷೆಯ ನಡುವೆ ಬಂದ ಚಿಕ್ಕ ಮಕ್ಕಳಲ್ಲಿ ಕೆಲವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಮಾತೇ ಆಡುವುದಿಲ್ಲ. ಬರೀ ಕೇಳುತ್ತಾರೆ. ಆಮೇಲೆ ಒಂದು ದಿನ ಪೂರ್ತಿ ವಾಕ್ಯವೇ ಬಾಯಿಂದ ಬಂದು ಟೀಚರ್‌ಗೆ ಆಶ್ಚರ್ಯ. ಮಾತಾಡದಿದ್ದರೂ ಹೇಳಿದ್ದು ಅರ್ಥವಾಗುತ್ತಿದೆಯಾ ಅನ್ನುವುದನ್ನು ಗಮನಿಸಿ. 'ಕೈ ತೊಳ್ಕೊಂಡು ಬಾ' ಅಂದರೆ ಹೋಗುತ್ತಾನಾ, ಎಲ್ಲರೂ ಚಪ್ಪಾಳೆ ತಟ್ಟುವಾಗ ತಟ್ಟುತ್ತಾನಾ, ಬೇರೆ ಮಕ್ಕಳ ಜೊತೆ ಆಟಕ್ಕೆ ಸೇರುತ್ತಾನಾ? ಹೌದು ಅಂದರೆ ಕಾಯಿರಿ. ಬಂದವರ ಎದುರು ನಿಲ್ಲಿಸಿ 'ಮಾಮನಿಗೆ ಕನ್ನಡದಲ್ಲಿ ಹೇಳು ಮಗಾ' ಅಂತ ಮಾತ್ರ ಒತ್ತಾಯ ಮಾಡಬೇಡಿ, ಇದ್ದ ಬಾಯಿಯೂ ಮುಚ್ಚುತ್ತದೆ.

ಕಾಯಬಾರದ ಸಂದರ್ಭವೂ ಇದೆ. ಮನೆಯಲ್ಲಿ ತುಳುವಿನಲ್ಲೇ ಮಾತು ಕಡಿಮೆ, ವಯಸ್ಸಿಗೆ ತಕ್ಕ ವಾಕ್ಯ ಇಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಪದೇಪದೇ ಕಿವಿ ಸೋರುತ್ತದೆ ಅನ್ನುವುದಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಮಾತು-ಶ್ರವಣದ ವಿಭಾಗ ಇರುತ್ತದೆ. ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ವರ್ಷವಿಡೀ ಹೊರಗೆ ಒಂದು ಮಾತೂ ಆಡದಿದ್ದರೂ ಒಮ್ಮೆ ತೋರಿಸಿ. ನೀವು ಬರೆದಿದ್ದನ್ನು ನೋಡಿದರೆ ನಿಮ್ಮ ಮಗ ಹಾಗಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ.

ಒಂದು ಕೆಲಸ ಮಾಡಿ. ಶಾಲೆಗೆ ಬಯಲುಸೀಮೆಯಿಂದ ವರ್ಗವಾಗಿ ಬಂದ ಟೀಚರ್ ಇದ್ದರೆ ಅವರಿಗೆ ತುಳು ಬಾರದೇ ಇರಬಹುದು. ನಿಮ್ಮ ಮಗ ಬಡವು, ಬಾಜೆಲ್ ಅಂದರೆ ಹಸಿವು, ಬಾಯಾರಿಕೆ ಅಂತ ಅವರಿಗೆ ಹೊಳೆಯುವುದಿಲ್ಲ. ಅವನು ದಿನಾ ಬಳಸುವ ಹತ್ತು ಹನ್ನೆರಡು ತುಳು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಮೊದಲ ದಿನವೇ ಟೀಚರ್ ಕೈಗೆ ಕೊಡಿ. ಈ ರಜೆಯಲ್ಲಿ ಅದೇ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗನೋ ಹುಡುಗಿಯೋ ಇದ್ದರೆ ಜೊತೆಗೆ ಆಡಲು ಬಿಡಿ. ಶಾಲೆಯ ಕನ್ನಡ ಮಕ್ಕಳಿಗೆ ಬರುವುದು ಮಕ್ಕಳಿಂದಲೇ.

ಪ್ರಶ್ನೆ: ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಮಗಳಿಗೆ ಐದು ವರ್ಷ. ಇಲ್ಲಿನ ಪಬ್ಲಿಕ್ ಸ್ಕೂಲಿನ ಸ್ಪ್ಯಾನಿಷ್-ಇಂಗ್ಲಿಷ್ ಡ್ಯುಯಲ್ ಲ್ಯಾಂಗ್ವೇಜ್ ತರಗತಿಗೆ ಲಾಟರಿಯಲ್ಲಿ ಸೀಟು ಬಂದಿದೆ. ಮನೆಯಲ್ಲಿ ನಾವು ಕನ್ನಡ. ಮೂರು ಭಾಷೆ ಒಟ್ಟಿಗೆ ಆದ್ರೆ ಗೊಂದಲ ಆಗಲ್ವಾ? ಊರಿಂದ ಅತ್ತೆ 'ಆ ಸ್ಪ್ಯಾನಿಷ್ ಯಾಕೆ ಬೇಕು, ಕನ್ನಡವೇ ಮರ್ತುಬಿಡ್ತಾಳೆ' ಅಂತ ಫೋನಿನಲ್ಲಿ ಹೇಳ್ತಾನೇ ಇರ್ತಾರೆ.

ಉತ್ತರ: ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಗೊಂದಲದ ಭಯ ಬಿಡಿ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಶುರುವಾಗುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುತ್ತಾಳೆ, ಅದು ಸಹಜ. ನಾವು ದೊಡ್ಡವರೂ ಬೆರೆಸುತ್ತೇವಲ್ಲ, ನಿಮ್ಮ ಪತ್ರವನ್ನೇ ಇನ್ನೊಂದು ಸಲ ಓದಿ.

ಅಲ್ಲಿನ ಈ ಶಾಲೆಗಳಿಗೆ ಒಳ್ಳೆಯ ಇತಿಹಾಸ ಇದೆ. 1963ರಲ್ಲಿ ಮಯಾಮಿಯ ಕೋರಲ್ ವೇ ಶಾಲೆಯಲ್ಲಿ ಕ್ಯೂಬಾದಿಂದ ಬಂದ ಮಕ್ಕಳನ್ನೂ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನೂ ಸೇರಿಸಿ ಎರಡೂ ಭಾಷೆಯಲ್ಲಿ ಪಾಠ ಶುರು ಮಾಡಿದರು. ಈಗ ಹೆಚ್ಚಾಗಿ ಎರಡು ರೀತಿ ನಡೆಯುತ್ತದೆ. ಒಂದರಲ್ಲಿ ಮೊದಲಿನಿಂದಲೇ ಅರ್ಧ ಹೊತ್ತು ಒಂದು ಭಾಷೆ, ಇನ್ನರ್ಧ ಹೊತ್ತು ಇನ್ನೊಂದು. ಇನ್ನೊಂದರಲ್ಲಿ ಕಿಂಡರ್‌ಗಾರ್ಟನ್‌ನಲ್ಲಿ 90 ಭಾಗ ಸ್ಪ್ಯಾನಿಷ್, 10 ಭಾಗ ಇಂಗ್ಲಿಷ್, ಪ್ರತಿ ವರ್ಷ ಇಂಗ್ಲಿಷ್ ಜಾಸ್ತಿಯಾಗುತ್ತಾ ನಾಲ್ಕು-ಐದನೇ ತರಗತಿಗೆ ಸಮ. ನಿಮ್ಮ ಶಾಲೆ ಯಾವುದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ. 90-10 ಆಗಿದ್ದರೆ ಮೊದಲ ಎರಡು ಮೂರು ವರ್ಷ ಇಂಗ್ಲಿಷ್ ಓದಿನಲ್ಲಿ ಅವಳು ಪಕ್ಕದ ತರಗತಿಯ ಮಕ್ಕಳಿಗಿಂತ ಸ್ವಲ್ಪ ಹಿಂದೆ ಕಾಣಬಹುದು. ಆಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಅಲ್ಲಿವರೆಗೆ ತಾಳ್ಮೆ ನಿಮಗಿರಬೇಕು. ಎರಡನೇ ತರಗತಿಯಲ್ಲಿ ಹೆದರಿ ಬಿಡಿಸಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತದೆ. ಕೆಲಸ, ವೀಸಾ ಅಂತ ಊರು ಬದಲಾಯಿಸುವ ಸಂಭವ ಜಾಸ್ತಿ ಇದ್ದರೆ ಅದನ್ನೂ ಈಗಲೇ ಯೋಚನೆ ಮಾಡಿ.

ನಿಮ್ಮ ಮಗಳಿಗೆ ಒಂದು ಲಾಭ ಇದೆ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗೆ ಹತ್ತಿರ, ಅವರ ತ, ದ ಕೂಡ ನಮ್ಮ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಮನೆಯಲ್ಲಿ ಬರೀ ಇಂಗ್ಲಿಷ್ ಕೇಳಿದ ಮಕ್ಕಳು ಇದಕ್ಕೆ ಒದ್ದಾಡುತ್ತಾರೆ, ಕನ್ನಡದ ಮಕ್ಕಳಿಗೆ ಸುಲಭವಾಗಿ ಬರುತ್ತದೆ.

ಶಾಲೆ ಶುರುವಾಗುವ ಮುಂಚೆ ನೀವು ಸ್ಪ್ಯಾನಿಷ್ ಕಲಿಸಲು ಹೋಗಬೇಡಿ, ಲೈಬ್ರರಿಯಲ್ಲಿ ಎರಡು ಭಾಷೆಯ ಕಥೆ ಹೇಳುವ ಕಾರ್ಯಕ್ರಮ ಇದ್ದರೆ ಕರೆದುಕೊಂಡು ಹೋಗಿ, ಅಷ್ಟು ಸಾಕು. ಮೊದಲ ವಾರಗಳಲ್ಲಿ 'ಟೀಚರ್ ಏನೋ ಹೇಳ್ತಾರೆ, ನಂಗೆ ಅರ್ಥ ಆಗಲ್ಲ' ಅಂತ ಅಳಬಹುದು. ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ಅರ್ಥವಾಗದ ಭಾಷೆ ಇರುತ್ತೆ, ಟೀಚರ್‌ಗೆ ಅದು ಗೊತ್ತಿದೆ ಅಂತ ಮೊದಲೇ ಹೇಳಿಡಿ.

ಈಗ ಅತ್ತೆಯ ಮಾತು. ಮೂರರಲ್ಲಿ ಕಳೆದುಹೋಗುವ ಭಾಷೆ ಅಂದರೆ ಕನ್ನಡವೇ, ಯಾಕೆಂದರೆ ಉಳಿದ ಎರಡಕ್ಕೂ ಶಾಲೆ ಇದೆ, ಗೆಳೆಯರಿದ್ದಾರೆ. ಅವಳು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡ ಬಿಡಬೇಡಿ. ಕನ್ನಡ ಕೂಟದವರ ವಾರಾಂತ್ಯದ ಕನ್ನಡ ಕಲಿ ತರಗತಿ ಹತ್ತಿರದಲ್ಲಿದ್ದರೆ ಸೇರಿಸಿ. ಅದಕ್ಕಿಂತ ಮುಖ್ಯ, ಹೇಗೂ ಫೋನ್ ಮಾಡುತ್ತಾರಲ್ಲ ನಿಮ್ಮ ಅತ್ತೆ, ಆ ಹೊತ್ತನ್ನು ಮೊಮ್ಮಗಳಿಗೇ ಕೊಟ್ಟುಬಿಡಿ. ದಿನಾ ಒಂದು ಕಥೆ ಹೇಳಲಿ. ಇಬ್ಬರ ದೂರೂ ನಿಲ್ಲುತ್ತದೆ.

ಪ್ರಶ್ನೆ: ಮಗನಿಗೆ ತಾತ ಅ ಆ ಇ ಈ ಕಲಿಸಿದ್ದಾರೆ. ಶಾಲೆಯಲ್ಲಿ ಬೇರೆ ಕ್ರಮ ಅಂತ ಕೇಳಿದೆ. ಜೊತೆಗೆ ಇಂಗ್ಲಿಷ್ ಅಕ್ಷರ ಬೇರೆ, ಬಿ ಬರೆಯೋ ಕಡೆ ಡಿ ಬರೀತಾನೆ. ಯಾವ ಲಿಪಿ ಮೊದಲು? - ಹಾಸನ

ಉತ್ತರ: ತಾತ ಕಲಿಸಿದ್ದು ವ್ಯರ್ಥವಾಗುವುದಿಲ್ಲ. ನಲಿಕಲಿಯಲ್ಲಿ ರ, ಗ, ಸ, ದ, ಅ ಇಂದ ಶುರು. ಬರೆಯಲು ಸುಲಭ, ಮತ್ತೆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಅಂತ ಓದಲು ಪದಗಳು ಸಿಗುತ್ತವೆ. ನೀವು ಮನೆಯಲ್ಲಿ ಈ ಪದಗಳನ್ನೇ ಆಡಿಸಿ. ಐದಾರು ವರ್ಷದ ಮಕ್ಕಳು ಬಿ, ಡಿ ಅದಲುಬದಲು ಮಾಡುವುದು ಮಾಮೂಲು, ಎರಡನೇ ತರಗತಿ ಮುಗಿಯುವ ಹೊತ್ತಿಗೆ ಹೆಚ್ಚಿನವರಿಗೆ ಹೋಗುತ್ತದೆ. ಶಾಲೆಗೆ ಮುಂಚೆ ಒಂದು ಲಿಪಿ ಸಾಕು, ಅದು ಕನ್ನಡದ್ದೇ ಆಗಲಿ. ಬೆರಳಿಗೆ ಬಲ ಬರಲಿ ಅಂತ ಚಪಾತಿ ಹಿಟ್ಟು ನಾದಿಸಿ, ಅವರೆಕಾಯಿ ಬಿಡಿಸಲು ಕೂರಿಸಿ, ರಂಗೋಲಿ ಚುಕ್ಕಿ ಇಡಿಸಿ. ಹುಡುಗ ಅಂತ ರಂಗೋಲಿ ಬೇಡ ಅನ್ನಬೇಡಿ ಮತ್ತೆ.

ಪ್ರಶ್ನೆ: ಮಗಳಿಗೆ ಜೂನ್ 1ಕ್ಕೆ ಆರು ತುಂಬಲು ಎರಡು ತಿಂಗಳು ಕಮ್ಮಿ. ಹೇಗಾದರೂ ಒಂದನೇ ತರಗತಿಗೆ ಸೇರಿಸಬಹುದಾ? ಒಂದು ವರ್ಷ ಹಾಳಾಗುತ್ತಲ್ಲ. - ದಾವಣಗೆರೆ

ಉತ್ತರ: ನಿಯಮ ಇರುವುದು ಜೂನ್ 1ಕ್ಕೆ 6 ವರ್ಷ ಅಂತ. 2025-26ರ ಸಾಲಿಗೆ ಮಾತ್ರ ಅಂತ ಹೇಳಿ, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ವರ್ಷಕ್ಕೆ ಏನಿದೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೇ ಕೇಳಿ, ಪಕ್ಕದವರ ಮಾತು ಕೇಳಿ ಜನನ ಪ್ರಮಾಣಪತ್ರದ ತಂಟೆಗೆ ಹೋಗಬೇಡಿ. ಸೇರಿಸಲು ಆಗದಿದ್ದರೆ ಹಾಳಾಗುವುದು ಏನೂ ಇಲ್ಲ. ಎರಡು ಭಾಷೆ ಕಲಿಯಬೇಕಾದ ತರಗತಿಗೆ ಒಂದು ವರ್ಷ ದೊಡ್ಡವಳಾಗಿ ಹೋಗುವುದು ಲಾಭವೇ.